ಅಕ್ಟೋಬರಿನಲ್ಲಿ ಅಟ್ಲಾಂಟಾದಿಂದ ಮೂರು ದಿನ: ಜೋಳದ ಪಾಕ, ಕಲ್ಲಿನಲ್ಲಿ ಬೀಸಿದ ನುಚ್ಚು, ಮನೆಮಂದಿ ನಡೆಸುವ ಊಟದ ಮನೆಗಳು

ಬೆಟ್ಟದಬಸ್ಸು

ಅಕ್ಟೋಬರ್ ಎರಡನೇ ವಾರ ಅಟ್ಲಾಂಟಾದಿಂದ ಕಾರಿನಲ್ಲಿ ಹೊರಡುವ ಯೋಚನೆ. ಐದು ಜನ. ಇಬ್ಬರು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಆಗದು. ಒಬ್ಬರಿಗೆ ಮೊಟ್ಟೆ ನಡೆಯುತ್ತೆ, ಉಳಿದಿಬ್ಬರಿಗೆ ಎಲ್ಲವೂ ನಡೆಯುತ್ತೆ. ಜೋಳದ ದಂಟಿನ ರಸ ಬತ್ತಿಸಿದ ಸಿಹಿ ಪಾಕವನ್ನು ಅಂಗಡಿಯಲ್ಲಿ ಬಾಟಲಿ ಕೊಳ್ಳುವುದಕ್ಕಿಂತ ಮಾಡುವುದನ್ನೇ ನೋಡಬೇಕು ಅನ್ನುವುದು ಆಸೆ.

ಸದ್ಯದ ಲೆಕ್ಕ: ಶನಿವಾರ ಹೆಲೆನ್‌ನ ನೋರಾ ಮಿಲ್ ಅನ್ನುವ ನುಚ್ಚಿನ ಗಿರಣಿ, ಅಲ್ಲಿಂದ ಬ್ಲೇರ್ಸ್‌ವಿಲ್. ಭಾನುವಾರ ಟೆನೆಸಿಯ ಮ್ಯಾಡಿಸನ್‌ವಿಲ್‌ನಲ್ಲಿ ಬೆಂಟನ್ಸ್ ಅಂಗಡಿಯ ಹ್ಯಾಮ್ (ಉಪ್ಪು ಹಾಕಿ ಹೊಗೆ ಕೊಟ್ಟ ಹಂದಿ ತೊಡೆ), ಸಂಜೆ ಮಡ್ಡಿ ಪಾಂಡ್‌ನ ಜೋಳದ ಪಾಕ. ಸೋಮವಾರ ವಾಪಸ್. ಎಲ್ಲಿ ಎಡವಿದ್ದೇನೆ ಹೇಳಿ.

ಕಟ್ಟಿಗೆಒಲೆ

ಎಡವಿರೋದು ವಾರದ ಲೆಕ್ಕದಲ್ಲಿ. ದಾರಿ ಸರಿಯಾಗಿಯೇ ಇದೆ. ಈ ಕಡೆ ಹಳೇ ಮನೆತನದ ಅಂಗಡಿ, ಗಿರಣಿ, ಹಂದಿ ಸುಡುವ ಜಾಗಗಳಲ್ಲಿ ಬಹುಪಾಲು ಭಾನುವಾರ ಬಾಗಿಲು ಹಾಕುತ್ತವೆ. ಬೆಂಟನ್ಸ್ ಭಾನುವಾರ ಇಲ್ಲ. ಮಡ್ಡಿ ಪಾಂಡ್ ಮೆನ್ನೊನೈಟ್ ಅನ್ನುವ ಸಂಪ್ರದಾಯಸ್ಥ ಕ್ರೈಸ್ತ ಪಂಥದ ಜನರ ಊರು, ಅಲ್ಲಂತೂ ಭಾನುವಾರದ ಮಾತೇ ಬೇಡ. ಅಂದರೆ ನಿಮ್ಮ ಎರಡನೇ ದಿನ ಪೂರ್ತಿ ಬೀಗ ನೋಡಿಕೊಂಡು ಬರುವ ದಿನ.

ಇನ್ನು ಹೆಲೆನ್. ಅದು ಜರ್ಮನ್ ಹಳ್ಳಿಯ ವೇಷ ಹಾಕಿಕೊಂಡ ಊರು. ಅಕ್ಟೋಬರಿನ ಶನಿವಾರ ಅಂದರೆ ಆಕ್ಟೋಬರ್‌ಫೆಸ್ಟ್ ಜಾತ್ರೆ. ಊರೊಳಗಿನ ಒಂದು ಮೈಲಿಗೆ ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ನೋರಾ ಮಿಲ್ ಊರಿಗೆ ಮುಂಚೆ, ದಕ್ಷಿಣದ ಕಡೆಗೇ ಸಿಗುತ್ತೆ ಅನ್ನುವುದು ಪುಣ್ಯ, ಆದರೆ ದಟ್ಟಣೆಯ ಬಾಲ ಅಲ್ಲಿಯವರೆಗೂ ಬರುತ್ತೆ.

ಗುರುವಾರ ಹೊರಡಿ. ಬೆಳಗ್ಗೆ 7ಕ್ಕೆ ಬಿಟ್ಟರೆ 9ಕ್ಕೆ ಗಿರಣಿ ಮುಂದೆ ಇರುತ್ತೀರಿ, ಸುಮಾರು 85 ಮೈಲಿ. ಅಲ್ಲಿಂದ ಬ್ಲೇರ್ಸ್‌ವಿಲ್‌ಗೆ ಮೈಲಿ ಕಡಿಮೆ, ತಿರುವು ಜಾಸ್ತಿ. ಹೊಟ್ಟೆ ತೊಳಸುವವರಿದ್ದರೆ ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ. ಮರ್ಫಿ, ಡಕ್‌ಟೌನ್, ಟೆಲಿಕೊ ಪ್ಲೇನ್ಸ್ ಹಾದು ರಾತ್ರಿ ಮ್ಯಾಡಿಸನ್‌ವಿಲ್ ಹತ್ತಿರ ಉಳಿಯಿರಿ. ಶುಕ್ರವಾರ ಬೆಳಗ್ಗೆ ಹ್ಯಾಮ್, ಮಧ್ಯಾಹ್ನ ಐ-40 ಹಿಡಿದು ಪಶ್ಚಿಮಕ್ಕೆ ಮಾಂಟೆರೆ. ಶನಿವಾರ ಬೆಳಗ್ಗೆ ಮಡ್ಡಿ ಪಾಂಡ್, ಆಮೇಲೆ ಕುಕ್‌ವಿಲ್ ಕಡೆಯಿಂದ 111ನೇ ಹೆದ್ದಾರಿಯಲ್ಲಿ ಚಾಟನೂಗ, ಅಲ್ಲಿಂದ ಐ-75ರಲ್ಲಿ ಮನೆ.

ಬಿಳಿಜೋಳ

ಬ್ಲೇರ್ಸ್‌ವಿಲ್‌ನ್ಯಾಗ ಜೋಳದ ಪಾಕದ ಜಾತ್ರಿ ಅಕ್ಟೋಬರಿನ ವಾರಾಂತ್ಯದಾಗ ಇರ್ತದ್ರಿ. ಗುರುವಾರ ಹೋದ್ರ ಅದು ತಪ್ಪತದಲ್ಲ? ತಿರುಗಿಸಿ ಹೋಗ್ರಿ: ಗುರುವಾರ ಮಡ್ಡಿ ಪಾಂಡ್, ಶುಕ್ರವಾರ ಹ್ಯಾಮ್, ಶನಿವಾರ ಜಾತ್ರಿ.

ಕಟ್ಟಿಗೆಒಲೆ

ಆಗಬಹುದು, ಆದರೆ ಜಾತ್ರೆಯಲ್ಲಿ ಗಾಣದ ಸುತ್ತ ನಾಲ್ಕು ಸುತ್ತು ಜನ ನಿಂತಿರುತ್ತಾರೆ. ಕುದಿಯುವ ತಟ್ಟೆಯ ಪಕ್ಕ ನಿಂತು ಪಾಕ ಇಳಿಸುವವರನ್ನು ಪ್ರಶ್ನೆ ಕೇಳಬೇಕೆಂದರೆ ಮಡ್ಡಿ ಪಾಂಡ್ ಊರಿನ ಪಾಕದ ಗಿರಣಿಯೇ ಸರಿ. ಮಕ್ಕಳಿದ್ದರೆ ಜಾತ್ರೆ, ಕೆಲಸ ನೋಡಬೇಕಿದ್ದರೆ ಗಿರಣಿ.

ಯಾವ ಕಡೆಯಿಂದ ಹೋದರೂ ಒಂದು ಫೋನ್ ಮಾತ್ರ ಹಿಂದಿನ ದಿನ ಕಡ್ಡಾಯ. "ನಾಳೆ ತೆರೆದಿರುತ್ತೀರಾ" ಅಂತ ಕೇಳಬೇಡಿ, ತೆರೆದಿರುತ್ತಾರೆ. "ನಾಳೆ ಪಾಕ ಕಾಯಿಸುತ್ತೀರಾ, ಎಷ್ಟು ಗಂಟೆಗೆ" ಅಂತ ಕೇಳಿ. ವಾರದಲ್ಲಿ ಕೆಲವೇ ದಿನ ಕಾಯಿಸುತ್ತಾರೆ. ಮಳೆ ಬಂದರೆ ಹೊಲದಿಂದ ದಂಟು ಬರುವುದಿಲ್ಲ, ಅಂದು ಒಲೆಯೂ ಹೊತ್ತುವುದಿಲ್ಲ.

ಬಿಳಿಜೋಳ

ಹೌದ್ರಿ, ಅದು ಖರೆ. ಒಂದು ಮಾತು ಗೊತ್ತಿಲ್ಲದವರಿಗೆ: ಇಲ್ಲಿಯವರು ಸೋರ್ಗಮ್ ಅನ್ನೋದು ನಮ್ಮ ಜೋಳಾನ. ಮೆಕ್ಕೆಜೋಳ ಅಲ್ಲ, ರೊಟ್ಟಿ ಬಡಿಯೋ ಜೋಳ. ಜಾತಿ ಒಂದ, ತಳಿ ಬ್ಯಾರೆ. ವಿಜಯಪುರ ಕಡೆ ಕಾಳಿಗಾಗಿ ಬೆಳಿತೀವಿ, ಇಲ್ಲಿ ದಂಟಿನ ರಸಕ್ಕಾಗಿ ಬೆಳಿತಾರ. ಈ ಸಿಹಿದಂಟಿನ ತಳಿ ಅಮೆರಿಕಾಕ್ಕ ಬಂದದ್ದು 1850ರ ದಶಕದಾಗ. ಕಬ್ಬು ಬೆಳಿಲಾರದ ಗುಡ್ಡಗಾಡಿನ ಮಂದಿಗೆ ಇದ ಬೆಲ್ಲ ಆತು.

ಕೊಯ್ಯೋದು ತೆನಿ ಬಲಿಯೂಕಿಂತ ಮೊದ್ಲ. ಸೀತನಿ ಹದ ಅಂತೀವಲ್ಲ, ಕಾಳು ಹಿಚುಕಿದ್ರ ಹಾಲು ಗಟ್ಟಿಯಾಗಿ ಹಿಟ್ಟಿನ ಗತೆ ಬರೋ ಹೊತ್ತು, ಆವಾಗ. ಅದಕ್ಕಿಂತ ಎಳೇದಿದ್ರ ರಸ ನೀರು, ಬಲಿತ್ರ ಪಿಷ್ಟ ಜಾಸ್ತಿ. ತೆನಿ ಮುರದು, ಎಲಿ ಸುಲದು, ಬರೇ ದಂಟು ಗಾಣಕ್ಕ. ತೆನಿ ಸಮೇತ ಅರದ್ರ ಕಾಳಿನ ಪಿಷ್ಟ ರಸಕ್ಕ ಇಳದು ಪಾಕ ಆರಿದ ಮ್ಯಾಲೆ ಜೆಲ್ಲಿ ಆಗಿ ಕೂಡ್ತದ.

ಜೋನಿಬೆಲ್ಲ

ಮುಂದಿನದ್ದು ನಾನು ಸೇರಿಸುತ್ತೇನೆ, ಆಲೆಮನೆ ಕಂಡವರಿಗೆ ಬೇಗ ತಲೆಗೆ ಹೋಗುತ್ತೆ.

ನಮ್ಮಲ್ಲಿ ದುಂಡು ಕೊಪ್ಪರಿಗೆ: ಒಂದು ಸಲ ರಸ ಹೊಯ್ದರೆ ಆ ಅಡಿಗೆ ಮುಗಿಯುವವರೆಗೆ ಅದೇ ರಸ. ಇಲ್ಲಿಯದು ಉದ್ದದ ಚಪ್ಪಟೆ ತಟ್ಟೆ, ತಾಮ್ರದ್ದು ಅಥವಾ ಸ್ಟೀಲಿನದು. ಒಳಗೆ ಅಡ್ಡಡ್ಡ ತಡೆಪಟ್ಟಿಗಳು, ಒಂದು ಪಟ್ಟಿಗೆ ಎಡತುದಿಯಲ್ಲಿ ಕಿಂಡಿ, ಮುಂದಿನದಕ್ಕೆ ಬಲತುದಿಯಲ್ಲಿ. ಹಸಿ ರಸ ಒಂದು ತುದಿಯಲ್ಲಿ ಸಣ್ಣ ಧಾರೆಯಾಗಿ ಬೀಳುತ್ತಲೇ ಇರುತ್ತೆ, ಹಾವಿನಂತೆ ಸುತ್ತಿ ಹರಿದು ಇನ್ನೊಂದು ತುದಿಗೆ ಬರುವಷ್ಟರಲ್ಲಿ ಪಾಕ. ಹಾಗಾಗಿ ಒಂದೇ ತಟ್ಟೆಯಲ್ಲಿ ಎಲ್ಲ ಹಂತವೂ ಒಟ್ಟಿಗೆ ಕಾಣುತ್ತೆ: ಮೊದಲ ಮನೆಯಲ್ಲಿ ಕೊಳದ ಪಾಚಿಯಂಥ ಹಸಿರು ನೊರೆ, ನಡುವೆ ಬಿಳಿಚು ನೊರೆ, ಕೊನೆಯಲ್ಲಿ ಜೇನುಬಣ್ಣದ ದೊಡ್ಡ ಗುಳ್ಳೆ, ಒಡೆಯುವಾಗ ಪ್ಲಪ್ ಅನ್ನುವ ದಪ್ಪ ಸದ್ದು.

ಕೊಳೆ ತೆಗೆಯುವುದೇ ಅಸಲಿ ಕೆಲಸ. ನಮ್ಮ ಆಲೆಮನೆಯಲ್ಲಿ ಸುಣ್ಣ, ಬೆಂಡೆಗಿಡದ ಲೋಳೆ ಹಾಕಿ ಕೊಳೆ ಮೇಲೆತ್ತುತ್ತೇವೆ. ಇವರು ಸಾಮಾನ್ಯವಾಗಿ ಏನೂ ಹಾಕುವುದಿಲ್ಲ. ರಸವನ್ನು ಮೊದಲು ಕೆಲವು ಗಂಟೆ ತೊಟ್ಟಿಯಲ್ಲಿ ನಿಲ್ಲಿಸಿ ತಿಳಿ ಬಸಿಯುತ್ತಾರೆ, ಆಮೇಲೆ ತೂತಿನ ಸೌಟಿನಲ್ಲಿ ತೆಗೆದದ್ದೇ ತೆಗೆದದ್ದು. ಅಂದಹಾಗೆ ಕೊಳೆ ತೆಗೆಯುವ ಊರಿನ ಹೆಸರು ಮಡ್ಡಿ ಪಾಂಡ್ ಆಗಿರುವುದು ಕನ್ನಡದವರಿಗೆ ಮಾತ್ರ ಸಿಗುವ ಬೋನಸ್ಸು.

ಲೆಕ್ಕ: ಸುಮಾರು 10 ಗ್ಯಾಲನ್ ರಸಕ್ಕೆ 1 ಗ್ಯಾಲನ್ ಪಾಕ. ರಸ ಸಿಹಿ ಇದ್ದರೆ 8 ಸಾಕು, ಮಳೆ ಹಿಡಿದ ವರ್ಷ 12 ಬೇಕು. ಇಳಿಸುವ ಹದ 226ರಿಂದ 230 ಡಿಗ್ರಿ ಫ್ಯಾರನ್‌ಹೀಟ್, ಬ್ರಿಕ್ಸ್ (ಸಕ್ಕರೆ ಅಂಶದ ಅಳತೆ) 78ರಿಂದ 80. ಆದರೆ ಇದು ಸಮುದ್ರಮಟ್ಟದ ಲೆಕ್ಕ. ಬೆಟ್ಟದ ಮೇಲೆ ನೀರೇ ಬೇಗ ಕುದಿಯುವುದರಿಂದ 500 ಅಡಿಗೆ ಒಂದು ಡಿಗ್ರಿಯಂತೆ ಇಳಿಸಿಕೊಳ್ಳಬೇಕು. ತಿಳಿದವರು ಬೆಳಗ್ಗೆ ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ನೋಡಿ, ಅದಕ್ಕೆ 14ರಿಂದ 18 ಡಿಗ್ರಿ ಕೂಡಿಸಿಕೊಳ್ಳುತ್ತಾರೆ.

ಹದ ತಪ್ಪಿದರೆ: ತೆಳುವಾಗಿ ಇಳಿಸಿದ್ದು ಎರಡು ತಿಂಗಳಲ್ಲಿ ಹುಳಿದು ಮುಚ್ಚಳ ಉಬ್ಬುತ್ತೆ. ಹೆಚ್ಚು ಕಾಯಿಸಿದ್ದು ಕಪ್ಪು, ಕಹಿ, ಸಕ್ಕರೆ ಹರಳು. ಇಳಿಸಿ ಬಿಸಿಬಿಸಿಯೇ ದೊಡ್ಡ ಡ್ರಮ್ಮಿನಲ್ಲಿ ಬಿಟ್ಟರೂ ಬಣ್ಣ ಕಪ್ಪಾಗುತ್ತೆ, ಅದಕ್ಕೇ ಬೇಗ ತಣಿಸುತ್ತಾರೆ. ಹಸಿರು ಹುಲ್ಲಿನ ವಾಸನೆ ಬಂದರೆ ಕೊಳೆ ಸರಿಯಾಗಿ ತೆಗೆದಿಲ್ಲ ಅಂತ ಅರ್ಥ.

ಬೆಟ್ಟದಬಸ್ಸು

ಇದನ್ನು ಮೊಲಾಸಿಸ್ ಅಂತಲೂ ಬರೆದಿರುತ್ತಾರಲ್ಲ, ಎರಡೂ ಒಂದೇನಾ? ಮನೆಗೆ ತಂದು ಹೋಳಿಗೆಗೆ ಬೆಲ್ಲದ ಬದಲು ಹಾಕಬಹುದಾ?

ಜೋನಿಬೆಲ್ಲ

ಒಂದೇ ಅಲ್ಲ. ಮೊಲಾಸಿಸ್ ಅಂದರೆ ಕಾಕಂಬಿ, ಸಕ್ಕರೆ ತೆಗೆದ ಮೇಲೆ ಉಳಿದದ್ದು. ಇದರಲ್ಲಿ ಸಕ್ಕರೆ ತೆಗೆದೇ ಇಲ್ಲ, ಪೂರ್ತಿ ರಸ ಬತ್ತಿಸಿದ್ದು. ನಮ್ಮ ಜೋನಿ ಬೆಲ್ಲಕ್ಕೆ ಹತ್ತಿರ, ಸ್ವಲ್ಪ ಹುಳಿ ಹೆಚ್ಚು. ಹಳಬರು ಬಾಯಿಮಾತಿಗೆ "ಸೋರ್ಗಮ್ ಮೊಲಾಸಿಸ್" ಅನ್ನುವುದರಿಂದ ಗೊಂದಲ. ಚೀಟಿಯಲ್ಲಿ "ಶೇ. 100 ಶುದ್ಧ ಸೋರ್ಗಮ್" ಅಂತಿದೆಯೇ, ಪದಾರ್ಥಗಳ ಸಾಲಿನಲ್ಲಿ ಕಾರ್ನ್ ಸಿರಪ್ ಇಲ್ಲವೇ ಅಂತ ನೋಡಿ. ಪ್ರವಾಸಿ ಅಂಗಡಿಗಳಲ್ಲಿ ಬೆರಕೆ ಮಾಲು ಧಾರಾಳ.

ಹೋಳಿಗೆ ಹೂರಣಕ್ಕೆ ಕಷ್ಟ. ಐದರಲ್ಲಿ ಒಂದು ಪಾಲು ನೀರೇ ಇರುವುದರಿಂದ ಹೂರಣ ಸಡಿಲವಾಗುತ್ತೆ, ಅಚ್ಚು ಬೆಲ್ಲದ ಹಾಗೆ ಆರಿದ ಮೇಲೆ ಗಟ್ಟಿಯಾಗುವುದೂ ಇಲ್ಲ. ಅರ್ಧ ಬೆಲ್ಲ, ಅರ್ಧ ಇದು ಹಾಕಿ ಬಾಣಲೆಯಲ್ಲಿ ಮಗುಚಿ ಬತ್ತಿಸಿದರೆ ನಡೆಯುತ್ತೆ. ಪಾಯಸಕ್ಕೆ ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಕಿ, ಬಿಸಿಯಲ್ಲಿ ಹಾಲು ಒಡೆಯುತ್ತೆ. ದೋಸೆ ಜೊತೆ ತುಪ್ಪ ಕಲಸಿಕೊಂಡು ತಿನ್ನಲು ಮಾತ್ರ ಇದಕ್ಕೆ ಸಾಟಿ ಇಲ್ಲ. ಇಲ್ಲಿಯವರು ಇದನ್ನೇ ಬೆಣ್ಣೆಯಲ್ಲಿ ಕಲಸಿ ಬಿಸ್ಕಿಟ್ (ನಮ್ಮ ಗರಿಗರಿ ಬಿಸ್ಕತ್ತಲ್ಲ, ಮೆತ್ತಗಿನ ಬನ್ನಿನಂಥದು) ಮೇಲೆ ಹಚ್ಚುತ್ತಾರೆ.

ಹರಳುಗಟ್ಟಿದರೆ ಬಾಟಲಿಯನ್ನು ಬಿಸಿನೀರಲ್ಲಿ ಇಡಿ. ಫ್ರಿಜ್ ಬೇಡ, ಗಟ್ಟಿಯಾಗಿ ಸುರಿಯಲು ಬರಲ್ಲ. ಊರಿಗೆ ಒಯ್ಯುವುದಿದ್ದರೆ ಚೆಕ್-ಇನ್ ಚೀಲಕ್ಕೇ ಹಾಕಿ. ಕೈಚೀಲದಲ್ಲಿ ದ್ರವದ ಮಿತಿ 100 ಮಿ.ಲೀ., ಪಾಕವೂ ಜೇನೂ ದ್ರವವೇ.

ಮಜ್ಜಿಗೆಮೆಣಸು

ಬಸ್ಸಣ್ಣ, ನಿಮ್ಮ ಇಬ್ಬರು ಸಸ್ಯಾಹಾರಿಗಳ ಬಗ್ಗೆ ಯಾರೂ ಮಾತೇ ಆಡಿಲ್ಲ. ಈ ಕಡೆಯ ಊಟದ ಮನೆಗಳಲ್ಲಿ ಅವರಿಗೇ ಹೆಚ್ಚು ಗುಂಡಿ.

ಮನೆಮಂದಿ ನಡೆಸುವ ಹೋಟೆಲುಗಳಲ್ಲಿ "ಮೀಟ್ ಅಂಡ್ ತ್ರೀ" ಅನ್ನುವ ಪದ್ಧತಿ: ಒಂದು ಮಾಂಸ, ಮೂರು ತರಕಾರಿ, ಜೊತೆಗೆ ಕಾರ್ನ್‌ಬ್ರೆಡ್ ಅಥವಾ ಬಿಸ್ಕಿಟ್. ಮಾಂಸ ಬಿಟ್ಟು ಬರೀ ತರಕಾರಿ ಬೇಕೆಂದರೆ "ವೆಜಿಟಬಲ್ ಪ್ಲೇಟ್". ಹೆಸರು ಕೇಳಿ ಮೋಸ ಹೋಗಬೇಡಿ. ಸೊಪ್ಪು, ಅದರಲ್ಲೂ ಕಾಲರ್ಡ್, ಹೊಗೆ ಹಾಕಿದ ಹಂದಿ ಕಾಲಿನ ಗಂಟಿನ ಜೊತೆ ಗಂಟೆಗಟ್ಟಲೆ ಬೇಯುತ್ತೆ. ಹುರುಳಿಕಾಯಿ, ಪಿಂಟೋ ಕಾಳು, ಅಲಸಂದೆ ಎಲ್ಲದಕ್ಕೂ ಅದೇ ಒಗ್ಗರಣೆ.

"ಇದರಲ್ಲಿ ಮಾಂಸ ಇದೆಯಾ" ಅಂತ ಕೇಳಿದರೆ "ಇಲ್ಲ" ಅಂತಲೇ ಹೇಳುತ್ತಾರೆ. ಸುಳ್ಳಲ್ಲ, ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ, ರುಚಿಗೆ ಹಾಕಿದ್ದು. ನಮ್ಮಲ್ಲಿ ಸಾರಿಗೆ ಇಂಗು ಹಾಕಿದ್ದನ್ನು ಯಾರೂ ಲೆಕ್ಕ ಹೇಳಲ್ಲವಲ್ಲ, ಹಾಗೆ. "ಸೀಸನಿಂಗ್‌ಗೆ ಏನು ಹಾಕಿದ್ದೀರಿ? ಹ್ಯಾಮ್, ಬೇಕನ್, ಚಿಕನ್ ಬ್ರಾತ್, ಲಾರ್ಡ್ (ಹಂದಿ ಕೊಬ್ಬು)?" ಅಂತ ಒಂದೊಂದೇ ಹೆಸರು ಹಿಡಿದು ಕೇಳಿ.

ಮೊಟ್ಟೆಯೂ ಆಗದವರಿಗೆ ಎಚ್ಚರಿಕೆ: ಕೋಸಿನ ಸ್ಲಾದಲ್ಲಿ, ಪಿಮೆಂಟೊ ಚೀಸಿನಲ್ಲಿ ಮೇಯೊನೇಸ್, ಅಂದರೆ ಮೊಟ್ಟೆ. ಕಾರ್ನ್‌ಬ್ರೆಡ್‌ನಲ್ಲಿ ಮೊಟ್ಟೆ, ಜೊತೆಗೆ ಎಷ್ಟೋ ಕಡೆ ಬೇಕನ್ ಕೊಬ್ಬು. ಒಲೆಯಲ್ಲಿಟ್ಟ ಮ್ಯಾಕರೋನಿಯಲ್ಲೂ ಮೊಟ್ಟೆ ಸಾಮಾನ್ಯ. ಬನಾನಾ ಪುಡಿಂಗ್ ಮೊಟ್ಟೆಯ ಕಸ್ಟರ್ಡ್. ಗೆಣಸಿನ ಕ್ಯಾಸರೋಲ್ ಮೇಲಿನ ಬಿಳಿ ಮಾರ್ಷ್‌ಮ್ಯಾಲೊ ಜೆಲಟಿನ್. ಕರಿದ ಬೆಂಡೆ ನೋಡಲು ನಮ್ಮದೇ ತರಹ, ಆದರೆ ಕೋಳಿ ಕರಿದ ಎಣ್ಣೆಯಲ್ಲೇ ಕರಿದಿರುತ್ತಾರೆ.

ಹಾಗಾದರೆ ತಿನ್ನುವುದೇನು? ಸುಟ್ಟ ಗೆಣಸು, ಹೋಳು ಮಾಡಿದ ಟೊಮೇಟೊ, ಬೇಯಿಸಿದ ಮುಸುಕಿನ ಜೋಳದ ತೆನೆ, ನೀರಲ್ಲಿ ಬೆಂದ ಗ್ರಿಟ್ಸ್ ಅನ್ನುವ ನುಚ್ಚು. ಬಿಸ್ಕಿಟ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕಲ್ಲ, ಹಿಟ್ಟು, ಕೊಬ್ಬು, ಮಜ್ಜಿಗೆ ಅಷ್ಟೇ. ಕೊಬ್ಬು ಬೆಣ್ಣೆಯೋ ಲಾರ್ಡೋ ಅನ್ನುವ ಒಂದೇ ಪ್ರಶ್ನೆ. ಬೆಣ್ಣೆ ಅಂದರೆ ಅದೇ ಊಟ, ಜೋಳದ ಪಾಕದ ಜೊತೆ.

ಕಟ್ಟಿಗೆಒಲೆ

ಅಕ್ಕ ಹೇಳಿದ್ದು ನಿಜ. ಇನ್ನೊಂದು: ಜನ ಕಡಿಮೆ ಇರುವ 11 ಗಂಟೆಗೆ ಹೋದರೆ ಅಡುಗೆಯವರೇ ಹೊರಗೆ ಬಂದು ಉತ್ತರ ಕೊಡುತ್ತಾರೆ. 12:30ಕ್ಕೆ ಹೋದರೆ ಬಡಿಸುವ ಹುಡುಗನಿಗೆ ಒಳಗೆ ಹೋಗಿ ಕೇಳಿ ಬರಲು ಪುರುಸೊತ್ತಿರಲ್ಲ. ತಡವಾದಷ್ಟೂ ಖಾಲಿಯಾಗುವುದೂ ಒಳ್ಳೆಯ ಪದಾರ್ಥಗಳೇ.

ಎಲೆಯಡಿಕೆ

ಪಂಕ್ತಿ ಊಟದ ತರಹ ಬಡಿಸುವ ಜಾಗ ಈ ದಾರಿಯಲ್ಲಿ ಯಾವುದಿದೆ?

ಮಜ್ಜಿಗೆಮೆಣಸು

ಅದಕ್ಕೆ ಇಲ್ಲಿ "ಫ್ಯಾಮಿಲಿ ಸ್ಟೈಲ್" ಅನ್ನುತ್ತಾರೆ. ಬೋಗುಣಿಗಳನ್ನೆಲ್ಲ ಮೇಜಿನ ಮೇಲೆ ಇಟ್ಟುಬಿಡುತ್ತಾರೆ, ಕೈಯಿಂದ ಕೈಗೆ ದಾಟಿಸಿಕೊಂಡು ಬಡಿಸಿಕೊಳ್ಳುವುದು, ಮುಗಿದರೆ ಮತ್ತೆ ತರುತ್ತಾರೆ. ಡಲೋನೆಗಾದ ಸ್ಮಿತ್ ಹೌಸ್ ನಿಮ್ಮ ದಾರಿಗೆ ಹತ್ತಿರ. ಡಿಲರ್ಡ್ ಊರಿನ ಡಿಲರ್ಡ್ ಹೌಸ್ 1917ರಿಂದ ಒಂದೇ ಮನೆತನದ್ದು, ಹೆಲೆನ್‌ನಿಂದ ಈಶಾನ್ಯಕ್ಕೆ ಸ್ವಲ್ಪ ಸುತ್ತು. ಸಸ್ಯಾಹಾರಿಗಳಿಗೂ ತಲೆಗೆ ಇಷ್ಟು ಅಂತ ಒಂದೇ ದರ ಇರುವ ಕಡೆ, ಕೂರುವ ಮುನ್ನವೇ ಯಾವ ಬೋಗುಣಿ ನಮಗೆ ಆಗುತ್ತೆ ಅಂತ ಕೇಳಿ. ಎಂಟರಲ್ಲಿ ಎರಡೇ ಆದರೆ ಎದ್ದು ಬನ್ನಿ, ಸಂಕೋಚ ಬೇಡ.

ಈ ಪದ್ಧತಿಯ ತಾಯಿಬೇರು ನೋಡಬೇಕೆಂದರೆ ಸವಾನಾದ ಮಿಸೆಸ್ ವಿಲ್ಕ್ಸ್, 1943ರದು. ವಸತಿಗೃಹದ ಊಟವಾಗಿ ಶುರುವಾದದ್ದು. ಹತ್ತು ಜನರ ಮೇಜು, ಗುರುತಿಲ್ಲದವರ ಪಕ್ಕ ಕೂರಿಸುತ್ತಾರೆ. ಮುಂಗಡ ಕಾಯ್ದಿರಿಸುವಂತಿಲ್ಲ, ಸಾಲಿನಲ್ಲೇ ನಿಲ್ಲಬೇಕು. ಸೋಮವಾರದಿಂದ ಶುಕ್ರವಾರ ಮಧ್ಯಾಹ್ನ ಮಾತ್ರ. ಉಂಡ ತಟ್ಟೆಯನ್ನು ನಾವೇ ಅಡುಗೆಮನೆಗೆ ಒಯ್ದು ಇಡುವುದು ಅಲ್ಲಿಯ ಕ್ರಮ. ಅದು ಬೇರೆ ದಿಕ್ಕು, ಈ ಸುತ್ತಿಗೆ ಸೇರಿಸಬೇಡಿ.

ಬಿಳಿಜೋಳ

ನೋರಾ ಮಿಲ್ ಬಗ್ಗೆ ಹೇಳ್ರಿ ಯಾರರ. ಗ್ರಿಟ್ಸ್ ಅಂದ್ರ ನಮ್ಮ ಜೋಳದ ನುಚ್ಚಿನ ಗತೆನ ಹೌದಿಲ್ಲ?

ಜೋನಿಬೆಲ್ಲ

ಮುಸುಕಿನ ಜೋಳದ ನುಚ್ಚು. ನೋರಾ ಮಿಲ್ 1876ರದು, ಚಾಟಹೂಚಿ ಹೊಳೆಯ ದಡದಲ್ಲಿ, ನೀರಿನ ಬಲದಿಂದ ಓಡುತ್ತೆ. ಫ್ರೆಂಚ್ ಬರ್ ಕಲ್ಲುಗಳು, 1,500 ಪೌಂಡ್ ತೂಕದವು. ಕಲ್ಲು ನಿಧಾನ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಕಾಳಿನ ಮೊಳಕೆಭಾಗವೂ ಒಳಗೇ ಉಳಿಯುತ್ತೆ. ರುಚಿ ಬರುವುದು ಅದರಿಂದಲೇ, ಕೆಡುವುದೂ ಅದರಿಂದಲೇ. ಮೊಳಕೆಯಲ್ಲಿ ಎಣ್ಣೆ ಇದೆ. ಸೆಕೆಯಲ್ಲಿ ಕಪಾಟಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಕಮಟು ವಾಸನೆ. ಕೊಂಡ ದಿನವೇ ಐಸ್ ಪೆಟ್ಟಿಗೆಗೆ, ಮನೆಗೆ ಬಂದರೆ ಫ್ರೀಜರಿಗೆ. ಕಾರಿನ ಡಿಕ್ಕಿಯಲ್ಲಿ ಮೂರು ದಿನ ಬಿಟ್ಟು ಆಮೇಲೆ ಗಿರಣಿಯವರನ್ನು ಬೈಯಬೇಡಿ.

ಅಡುಗೆಯಲ್ಲಿ ಎಲ್ಲರೂ ಮಾಡುವ ತಪ್ಪು: ಉಪ್ಪಿಟ್ಟಿನ ರವೆ ಅಂದುಕೊಂಡು ಒಂದಕ್ಕೆ ಎರಡೂವರೆ ನೀರು, ಹತ್ತು ನಿಮಿಷ. ಹಲ್ಲಿಗೆ ಮರಳು ಸಿಕ್ಕಂತಾಗುತ್ತೆ. ಒಂದು ಲೋಟ ನುಚ್ಚಿಗೆ ನಾಲ್ಕು ಲೋಟ ನೀರು, ರಾತ್ರಿಯೇ ನೆನೆಹಾಕಿ. ಬೆಳಗ್ಗೆ ಮೇಲೆ ತೇಲಿದ ಹೊಟ್ಟು ಚಹಾ ಜರಡಿಯಲ್ಲಿ ತೆಗೆಯಿರಿ. ಅದೇ ನೀರಲ್ಲಿ ಒಲೆಗಿಟ್ಟು, ಗಟ್ಟಿಯಾಗಲು ಶುರುವಾಗುವವರೆಗೆ ಕೈ ಬಿಡದೆ ತಿರುವಿ, ಆಮೇಲೆ ಸಣ್ಣ ಉರಿ, 45ರಿಂದ 60 ನಿಮಿಷ. ಹತ್ತು ನಿಮಿಷಕ್ಕೊಮ್ಮೆ ತಳ ಕೆದಕಿ. ಬಿಗಿಯಾದರೆ ಬಿಸಿನೀರೇ ಸೇರಿಸಿ. ಅಂಗಡಿಯ ಐದು ನಿಮಿಷದ ಗ್ರಿಟ್ಸ್‌ನ ಪೊಟ್ಟಣ ನೋಡಿ ಇದನ್ನು ಅಳೆಯಬೇಡಿ, ಅದು ಮೊಳಕೆ ತೆಗೆದು ಸಣ್ಣಗೆ ಬೀಸಿದ ಬೇರೆಯೇ ಮಾಲು.

ಆರಿದ ಮೇಲೆ ಮಜ್ಜಿಗೆ, ಉಪ್ಪು, ಹಸಿ ಈರುಳ್ಳಿ ಹಾಕಿ ಕಲಸಿದರೆ ನಿಮ್ಮ ಕಡೆಯ ಮಜ್ಜಿಗೆ ನುಚ್ಚೇ.

ಬಿಳಿಜೋಳ

ಹಿಂಗಂದ್ರ ಇನ್ನ ಬಿಡೂದಿಲ್ಲ, ಎರಡು ಚೀಲ ತರ್ತೀನಿ.

ಉಪ್ಪುನೀರು

ಹ್ಯಾಮ್ ಬಗ್ಗೆ, ತಿನ್ನುವ ಇಬ್ಬರಿಗಾಗಿ. ಇದು ಅಂಗಡಿಯ ಗುಲಾಬಿ ಬಣ್ಣದ ನೀರು ಚುಚ್ಚಿದ ಹ್ಯಾಮ್ ಅಲ್ಲ. ಕಂಟ್ರಿ ಹ್ಯಾಮ್ ಅಂತ ಚೀಟಿ ಅಂಟಿಸಬೇಕಾದರೆ ಹಸಿ ತೂಕದಲ್ಲಿ ಕನಿಷ್ಠ ಶೇ. 18 ಇಳಿದಿರಬೇಕು, ಉಪ್ಪು ಕನಿಷ್ಠ ಶೇ. 4 ಇರಬೇಕು ಅಂತ ಅಮೆರಿಕದ ನಿಯಮವೇ ಇದೆ. ಒಣಮೀನಿನ ಲೆಕ್ಕ ಅಂದುಕೊಳ್ಳಿ.

ಹಳೆಯ ಕ್ರಮ ಋತುವಿಗೆ ಕಟ್ಟಿದ್ದು. ಮೊದಲ ಗಟ್ಟಿ ಚಳಿಗೆ ಹಂದಿ ಕಡಿದು ತೊಡೆಗೆ ಉಪ್ಪು, ಕಂದು ಸಕ್ಕರೆ ಉಜ್ಜುವುದು. ಚಳಿಗಾಲ ಮುಗಿಯುವುದರೊಳಗೆ ಉಪ್ಪು ಮೂಳೆಯವರೆಗೆ ಇಳಿಯಬೇಕು. ಲೆಕ್ಕ ಸುಮಾರು ಒಂದು ಪೌಂಡಿಗೆ ಒಂದೂವರೆ ದಿನ, ಅಂದರೆ 20 ಪೌಂಡಿನ ತೊಡೆಗೆ ಒಂದು ತಿಂಗಳು. ಆಮೇಲೆ ಮೇಲಿನ ಉಪ್ಪು ತೊಳೆದು, ಒಳಗೆಲ್ಲ ಸಮನಾಗಿ ಹರಡಲು ಕೆಲವು ವಾರ ತಂಪಿನಲ್ಲೇ ಇಡುವುದು. ನಂತರ ಹಿಕರಿ ಹೊಗೆ, ಆಮೇಲೆ ಬೇಸಿಗೆಯ ಬಿಸಿಯಲ್ಲಿ ಬೆವರಲು ಬಿಟ್ಟು ಹದಗೊಳಿಸುವುದು. ಉಪ್ಪು ಮೂಳೆ ಮುಟ್ಟುವ ಮೊದಲೇ ಬಿಸಿ ಬಂದರೆ ಕೀಲಿನ ಹತ್ತಿರ ಒಳಗಿಂದ ಕೊಳೆಯುತ್ತೆ, ಹೊರಗೆ ಏನೂ ಕಾಣಲ್ಲ. ಅದಕ್ಕೇ ಪರಿಣತರು ಮೂಳೆ ಪಕ್ಕ ಸಣ್ಣ ಕಡ್ಡಿ ಚುಚ್ಚಿ ಮೂಸಿ ನೋಡುವುದು. ಈಗ ತಂಪು ಕೋಣೆಗಳಿವೆ, ಯಾವ ತಿಂಗಳಾದರೂ ಮಾಡಬಹುದು.

ಬೆಂಟನ್ಸ್ 1947ರಲ್ಲಿ ಶುರುವಾದದ್ದು, ಈಗಿನ ಮಾಲೀಕರ ಕೈಗೆ ಬಂದದ್ದು 1973ರಲ್ಲಿ. 411ನೇ ಹೆದ್ದಾರಿ ಪಕ್ಕದ ಸಾದಾ ಕಟ್ಟಡ, ಬೋರ್ಡಿಗಿಂತ ಮೊದಲು ಹೊಗೆಯ ವಾಸನೆ ಸಿಗುತ್ತೆ. ಇಡೀ ತೊಡೆ ಕೊಳ್ಳಬೇಡಿ, ಮೊದಲ ಸಲಕ್ಕೆ ನಿರ್ವಾತ ಪೊಟ್ಟಣದ ಹೋಳು ಸಾಕು. ಹೋಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒರೆಸಿ, ಕಾವಲಿಯಲ್ಲಿ ಒಂದೊಂದು ಮಗ್ಗುಲು ಒಂದೆರಡು ನಿಮಿಷ. ಜಾಸ್ತಿ ಹೊತ್ತು ಇಟ್ಟರೆ ಚಪ್ಪಲಿ ಅಟ್ಟೆ. ಇಡೀ ತೊಡೆ ತಂದವರು ಮೇಲೆ ಬೂಸ್ಟು ನೋಡಿ ಎಸೆದದ್ದಿದೆ. ಅದು ಸಹಜ, ಬ್ರಷ್ಷಿನಿಂದ ಉಜ್ಜಿ ತೊಳೆದು, ನೀರು ಬದಲಿಸುತ್ತಾ ಒಂದು ದಿನ ನೆನೆಸಿ ಬೇಯಿಸುವುದು.

ಕಾರಿನಲ್ಲಿ ಸಸ್ಯಾಹಾರಿಗಳಿದ್ದಾರೆ ಅಂದಿರಿ. ಪೊಟ್ಟಣ ಎಷ್ಟೇ ಬಿಗಿಯಿದ್ದರೂ ಹೊಗೆಯ ವಾಸನೆ ಸೂಸುತ್ತೆ. ಎರಡನೇ ಐಸ್ ಪೆಟ್ಟಿಗೆ ತೆಗೆದುಕೊಳ್ಳಿ. ಗ್ರಿಟ್ಸ್ ಜೊತೆ ಇಡಬೇಡಿ, ನುಚ್ಚು ವಾಸನೆ ಹೀರುತ್ತೆ.

ಎಲೆಯಡಿಕೆ

ಸೌದೆಯಲ್ಲಿ ಸುಟ್ಟ ಬಾರ್ಬೆಕ್ಯೂ ಈ ದಾರಿಯಲ್ಲಿ ಇಲ್ಲವಾ?

ಕಟ್ಟಿಗೆಒಲೆ

ಇದೆ, ಆದರೆ ಅದರ ತವರು ಕೆರೊಲಿನಾ. ಅದಕ್ಕೇ ಬೇರೆ ಪ್ರಯಾಣ ಇಟ್ಟುಕೊಳ್ಳಿ. ಉತ್ತರ ಕೆರೊಲಿನಾದ ಪೂರ್ವಭಾಗದಲ್ಲಿ ಇಡೀ ಹಂದಿ, ವಿನೆಗರ್ ಮತ್ತು ಮೆಣಸು; ಏಡನ್ ಊರಿನ ಸ್ಕೈಲೈಟ್ ಇನ್ 1947ರದು. ಪಶ್ಚಿಮಕ್ಕೆ ಲೆಕ್ಸಿಂಗ್ಟನ್ ಕಡೆ ಭುಜ ಮಾತ್ರ, ವಿನೆಗರಿಗೆ ಸ್ವಲ್ಪ ಕೆಚಪ್. ಅಲ್ಲಿ ಆರ್ಡರ್ ಮಾಡುವಾಗ "ಔಟ್‌ಸೈಡ್ ಬ್ರೌನ್" ಅಂದರೆ ಹೊಗೆ ಹಿಡಿದ ಹೊರಪದರ ಕೊಡುತ್ತಾರೆ. ದಕ್ಷಿಣ ಕೆರೊಲಿನಾದ ನಡುಭಾಗದಲ್ಲಿ ಸಾಸಿವೆ. ಅಲಬಾಮಾದ ಉತ್ತರಕ್ಕೆ ಮೇಯೊನೇಸಿನ ಬಿಳಿ ಸಾಸ್.

ನಿಜವಾದ ಸೌದೆಯೇ ಅಂತ ತಿಳಿಯಲು ಬೋರ್ಡು ಓದಬೇಡಿ, ಕಟ್ಟಡದ ಹಿಂದಕ್ಕೆ ಹೋಗಿ. ಸೀಳಿದ ಓಕ್, ಹಿಕರಿ ರಾಶಿ ಇರಬೇಕು, ಬೂದಿ ಇರಬೇಕು. ನಾಲ್ಕೇ ನಾಲ್ಕು ಕೊರಡು ಬಾಗಿಲ ಪಕ್ಕ ಜೋಡಿಸಿ ಜೇಡ ಬಲೆ ಕಟ್ಟಿದ್ದರೆ ಒಳಗೆ ಗ್ಯಾಸ್. ಸೌದೆಯನ್ನು ನೇರ ಹಂದಿಯ ಕೆಳಗೆ ಉರಿಸುವುದಿಲ್ಲ. ಪಕ್ಕದಲ್ಲಿ ಸುಟ್ಟು ಕೆಂಡ ಮಾಡಿ, ಸಲಿಕೆಯಲ್ಲಿ ತಂದು ಹರಡುವುದು. ಉರಿ ಇದ್ದರೆ ಕೊಬ್ಬು ತೊಟ್ಟಿಕ್ಕಿ ಬೆಂಕಿ ಹತ್ತಿಕೊಳ್ಳುತ್ತೆ. ಹೊಗೆಮನೆಗಳು ಸುಟ್ಟುಹೋಗುವುದು ಹೀಗೆಯೇ.

ಕಡಲೆಪುರಿ

ದಾರಿಬದಿಯ ಬೇಯಿಸಿದ ಕಡಲೆಕಾಯಿ ಮರೆತೇಬಿಟ್ಟಿರಲ್ಲ! ಬಸವನಗುಡಿ ಪರಿಷೆ ನೆನಪಾಗುವ ಒಂದೇ ಪದಾರ್ಥ ಅದು, ಸಸ್ಯಾಹಾರಿಗಳಿಗೆ ದಾರಿಯ ದೇವರು.

ಅಕ್ಟೋಬರ್ ಮೊದಲರ್ಧದವರೆಗೆ ಹಸಿ ಕಡಲೆಕಾಯಿ ಸಿಗುತ್ತೆ. ಬೋರ್ಡಿನಲ್ಲಿ "ಗ್ರೀನ್" ಅಂತಿರುತ್ತೆ, ಬಣ್ಣ ಹಸಿರಲ್ಲ, ಕಿತ್ತು ಒಣಗಿಸಿಲ್ಲ ಅಂತ ಅರ್ಥ. ಅದು ಎರಡು ಮೂರು ಗಂಟೆಯಲ್ಲಿ ಬೇಯುತ್ತೆ. ಒಣಗಿಸಿದ್ದು ರಾತ್ರಿ ನೆನೆಸಿದರೂ ಆರೆಂಟು ಗಂಟೆ ಬೇಕು, ಆದರೂ ಆ ಬೆಣ್ಣೆಹದ ಬರಲ್ಲ. ಮನೆಯಲ್ಲಿ ಮಾಡುವವರಿಗೆ: ಒಂದು ಗ್ಯಾಲನ್ ನೀರಿಗೆ ಅರ್ಧದಿಂದ ಮುಕ್ಕಾಲು ಕಪ್ ಉಪ್ಪು. ಒಲೆ ಆರಿಸಿದ ಮೇಲೆ ಅದೇ ನೀರಲ್ಲಿ ಒಂದು ಗಂಟೆ ಬಿಡಿ, ಆರುವಾಗಲೇ ಉಪ್ಪುನೀರು ಸಿಪ್ಪೆಯೊಳಗೆ ಹೋಗುವುದು. ತಕ್ಷಣ ಬಸಿದರೆ ಸಪ್ಪೆ.

ಎರಡು ಎಚ್ಚರ. ಕೆಲವು ಗಾಡಿಗಳಲ್ಲಿ ಮೂರು ಹಂಡೆ ಇರುತ್ತೆ: ಸಾದಾ, ಖಾರದ ಕೇಜನ್, ಮತ್ತು ಹ್ಯಾಮ್ ಹಾಕಿದ್ದು. ಒಂದೇ ಸೌಟು ಮೂರಕ್ಕೂ ಓಡಾಡುತ್ತಿದ್ದರೆ ಮುಂದಿನ ಗಾಡಿ ನೋಡಿ. ಮತ್ತೆ, ತೇವದ ಪದಾರ್ಥವಾದ್ದರಿಂದ ಬಿಸಿ ಕಾರಿನಲ್ಲಿ ಸಂಜೆಯೊಳಗೆ ಲೋಳೆ ಬಂದು ಹುಳಿಯುತ್ತೆ. ಉಳಿದದ್ದು ಐಸಿಗೆ.

ಬಹಳ ಕಡೆ ನಗದು ಮಾತ್ರ. ಐದು, ಹತ್ತರ ನೋಟು ಇಟ್ಟುಕೊಳ್ಳಿ.

ಬೆಟ್ಟದಬಸ್ಸು

ಎಲ್ಲರಿಗೂ ಶರಣು. ತಿದ್ದಿದ ಲೆಕ್ಕ ಇದು. ಗುರುವಾರ: 7ಕ್ಕೆ ಬಿಟ್ಟು 9ಕ್ಕೆ ನೋರಾ ಮಿಲ್, ಬ್ಲೇರ್ಸ್‌ವಿಲ್‌ನಲ್ಲಿ ಕಟ್ಟಿಕೊಂಡ ಬುತ್ತಿಯ ಊಟ, ರಾತ್ರಿ ಮ್ಯಾಡಿಸನ್‌ವಿಲ್. ಶುಕ್ರವಾರ: 9ಕ್ಕೆ ಬೆಂಟನ್ಸ್, 11ಕ್ಕೆ ಎಲ್ಲಾದರೂ ಮೀಟ್ ಅಂಡ್ ತ್ರೀ, ಸಂಜೆ ಮಾಂಟೆರೆ. ಶನಿವಾರ: 9ಕ್ಕೆ ಮಡ್ಡಿ ಪಾಂಡ್, 12ಕ್ಕೆ ಹೊರಟರೆ 4 ಗಂಟೆ ಡ್ರೈವ್, ಸಂಜೆ 4ಕ್ಕೆ ಅಟ್ಲಾಂಟಾ. ಎರಡು ಐಸ್ ಪೆಟ್ಟಿಗೆ.

ಕಟ್ಟಿಗೆಒಲೆ

ಟೆನೆಸಿ ಎರಡು ಕಾಲವಲಯದಲ್ಲಿ ಹಂಚಿಹೋಗಿದೆ. ಮ್ಯಾಡಿಸನ್‌ವಿಲ್ ನಮ್ಮ ಗಡಿಯಾರದ್ದು, ಮಾಂಟೆರೆ ಒಂದು ಗಂಟೆ ಹಿಂದೆ. ಶುಕ್ರವಾರ ಒಂದು ಗಂಟೆ ಗಳಿಸುತ್ತೀರಿ, ಶನಿವಾರ ಅದನ್ನೇ ಕಳೆದುಕೊಳ್ಳುತ್ತೀರಿ. ಮಡ್ಡಿ ಪಾಂಡ್‌ನ 12ಕ್ಕೆ ಬಿಟ್ಟರೆ ಮನೆ ಸೇರುವುದು ನಮ್ಮ 5ಕ್ಕೆ, ಅದೂ ಚಾಟನೂಗ ದಟ್ಟಣೆ ಇಲ್ಲದಿದ್ದರೆ. 6 ಅಂತ ಬರೆದುಕೊಳ್ಳಿ. ಗಿರಣಿಗೆ ಫೋನ್ ಮಾಡುವಾಗಲೂ ಅವರು ಹೇಳುವ ಗಂಟೆ ಅವರದು.

ಜೋನಿಬೆಲ್ಲ

ಬೆಳಗ್ಗೆ ಅವರ 9ಕ್ಕೆ ಹೋದರೆ ದಂಟು ಅರೆಯುವುದು, ಮೊದಲ ಹಸಿರು ನೊರೆ ಮಾತ್ರ ಕಾಣಬಹುದು. ತಟ್ಟೆ ತುಂಬಿ ಕೊನೆಯ ಮನೆಯಲ್ಲಿ ಪಾಕ ಬರಲು ಹೊತ್ತಾಗುತ್ತೆ. ಮೊದಲ ಪಾಕ ಎಷ್ಟು ಗಂಟೆಗೆ ಇಳಿಸುತ್ತೀರಿ ಅಂತ ಶುಕ್ರವಾರವೇ ಫೋನಿನಲ್ಲಿ ಕೇಳಿ, ಅದಕ್ಕೆ ಒಂದು ಗಂಟೆ ಮುಂಚೆ ಹೋಗಿ. ಚಮಚ ನಿಮ್ಮದೇ ಒಯ್ಯಿರಿ.

ಮಜ್ಜಿಗೆಮೆಣಸು

ಚಮಚದ ಜೊತೆ ದೋಸೆಯೂ ಒಯ್ಯಲಿ ಬಿಡಿ, ಬುತ್ತಿ ಕಟ್ಟುತ್ತಾರಂತಲ್ಲ. ಬಸ್ಸಣ್ಣ, ಶುಕ್ರವಾರ ರಾತ್ರಿಯ ಊಟಕ್ಕೆ ಮಾಂಟೆರೆ ಚಿಕ್ಕ ಊರು, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ಕುಕ್‌ವಿಲ್, ಕಾಲೇಜು ಊರು. ಕೋಣೆ ಅಲ್ಲೇ ಮಾಡಿ, ಅಡುಗೆಮನೆ ಇರುವಂಥದು ಸಿಕ್ಕರೆ ನೋರಾ ಮಿಲ್‌ನ ನುಚ್ಚು ಅವತ್ತು ರಾತ್ರಿಯೇ ನೆನೆಹಾಕಬಹುದು.